ಕ್ಲಾಸಿನಲ್ಲಿ ಹಾಡು ಹಾಕಿದರೆ ಕಾಪಿರೈಟ್ ತಪ್ಪೇ?

ಪ್ರಶ್ನೆ: ರಾಯಚೂರಿನ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ನಾನು. ದಾಸಸಾಹಿತ್ಯದ ಪಾಠ ಬಂದಾಗ ಮೊಬೈಲಿಗೆ ಸ್ಪೀಕರ್ ಜೋಡಿಸಿ ಕೀರ್ತನೆ ಕೇಳಿಸುತ್ತೇನೆ. ಅದೇ ಪಾಠವನ್ನು ಯೂಟ್ಯೂಬಿಗೆ ಏರಿಸಿದ ದಿನವೇ ಕಾಪಿರೈಟ್ ಕ್ಲೇಮ್ (ಹಾಡು ತಮ್ಮದೆಂಬ ಹಕ್ಕುದಾರರ ದಾವೆ) ಬಂತು. ಮೂವತ್ತು ಸೆಕೆಂಡಿನೊಳಗಿದ್ದರೆ ಫೇರ್ ಯೂಸ್, ಅಂದರೆ ಅನುಮತಿ ಇಲ್ಲದೆಯೂ ಬಳಸಬಹುದು, ಅನ್ನುತ್ತಾರಲ್ಲ? ಕ್ಲಾಸಿನಲ್ಲಿ ಹಾಕುವುದೂ ತಪ್ಪೇ?

ಉತ್ತರ: ಕ್ಲಾಸಿನಲ್ಲಿ ಧೈರ್ಯವಾಗಿ ಹಾಕಿ, ಪೂರ್ತಿ ಹಾಡನ್ನೇ ಹಾಕಿ. 1957ರ ಕಾಪಿರೈಟ್ ಕಾಯ್ದೆಯ 52(1)(ಜೆ) ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಷರತ್ತು ಒಂದೇ: ಕೇಳುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು, ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರು ಇಷ್ಟೇ ಆಗಿರಬೇಕು. ವಾರ್ಷಿಕೋತ್ಸವಕ್ಕೆ ಜಂಬಲದಿನ್ನಿ ರಂಗಮಂದಿರ ಹಿಡಿದು ಊರಿಗೆಲ್ಲ ಬಾಗಿಲು ತೆರೆದಿರೋ, ಈ ರಿಯಾಯಿತಿ ಅಲ್ಲಿಗೆ ಮುಗಿಯಿತು, ಲೈಸೆನ್ಸ್ ಬೇಕು. ಯೂಟ್ಯೂಬಿನ ಬಾಗಿಲಂತೂ ಜಗತ್ತಿಗೇ ತೆರೆದದ್ದು.

ಮೂವತ್ತು ಸೆಕೆಂಡಿನ ಮಾತು ಬರೀ ಗಾಳಿಸುದ್ದಿ. ಫೇರ್ ಯೂಸ್ ಅಮೆರಿಕದ್ದು, ಅಲ್ಲಿಯೂ ಸೆಕೆಂಡಿನ ಲೆಕ್ಕವಿಲ್ಲ. ನಮ್ಮ ಕಾಯ್ದೆಯಲ್ಲಿರುವುದು ಫೇರ್ ಡೀಲಿಂಗ್: ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿಯ ವರದಿ, ಇಂಥವಕ್ಕೆ ಮಾತ್ರ ಅನುಮತಿಯಿಲ್ಲದೆ ನ್ಯಾಯವಾದ ಬಳಕೆ. ಎರಡು ಸಾಲು ಕೇಳಿಸಿ, ನಿಲ್ಲಿಸಿ, ರಾಗವನ್ನೋ ಉಚ್ಚಾರವನ್ನೋ ವಿಮರ್ಶಿಸಿದರೆ ವಾದಕ್ಕೆ ಬಲವಿದೆ. ಹಿನ್ನೆಲೆಗೆ ಹಾಡು ಬಿಟ್ಟು ಮಾತಾಡಿದರೆ ಇಲ್ಲ.

‘ದಾಸರ ಪದಕ್ಕೆ ಎಂಥ ಕಾಪಿರೈಟು?’ ಎಂದು ಬಹಳ ಮಂದಿ ಸಿಟ್ಟಾಗುತ್ತಾರೆ. ಮಾನ್ವಿಯ ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ಅವರ ಸಾಹಿತ್ಯ ಎಲ್ಲರದೂ ಹೌದು. ಆದರೆ ನೀವು ಹಾಕಿದ್ದು ಸಾಹಿತ್ಯವನ್ನಲ್ಲ, ರೆಕಾರ್ಡಿಂಗನ್ನು. ಅದರ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಕಂಪನಿಯ ಕೈಯಲ್ಲಿರುತ್ತದೆ. ಈಚಿನವರು ರಾಗ ಹಾಕಿದ್ದರೆ ಅದಕ್ಕೆ ಬೇರೆ ಹಕ್ಕು: ಅವರ ಜೀವಮಾನ, ಮೇಲೆ 60 ವರ್ಷ. ಜೋಳ ಯಾರ ಹೊಲದ್ದಾದರೇನು, ರೊಟ್ಟಿಯ ದುಡ್ಡು ಖಾನಾವಳಿಗೇ ಕೊಡಬೇಕಲ್ಲ!

ಬಂದದ್ದು ಕ್ಲೇಮ್ ತಾನೆ, ವಿಡಿಯೊ ತೆಗೆಸಿ ಚಾನೆಲ್ಲಿಗೆ ಎಚ್ಚರಿಕೆ ಕೊಡುವ ಸ್ಟ್ರೈಕ್ ಅಲ್ಲವಲ್ಲ? ಹಾಗಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಅಷ್ಟೇ. ಹಾಡಿನ ಭಾಗ ಕತ್ತರಿಸಿದರೂ ಕ್ಲೇಮ್ ಬಿಡುತ್ತದೆ.

ನನ್ನನ್ನು ಕೇಳಿದರೆ, ಮನೆಯಲ್ಲಿ ಭಜನೆ ಕಲಿತ ಹುಡುಗಿಯೊಬ್ಬಳು ನಿಮ್ಮ ಕ್ಲಾಸಿನಲ್ಲೇ ಸಿಕ್ಕಾಳು. ಅಜ್ಜಿಯ ಧಾಟಿಯಲ್ಲಿ ಹಾಡಿಸಿ, ಅವಳ ಒಪ್ಪಿಗೆ ಬರೆಸಿಕೊಂಡು ಅದನ್ನೇ ಏರಿಸಿ. ಆಗಲೂ ಯೂಟ್ಯೂಬಿನ ಯಂತ್ರ ತಪ್ಪಾಗಿ ಕ್ಲೇಮ್ ಹಾಕಿದರೆ ‘ಡಿಸ್ಪ್ಯೂಟ್’ (ಆಕ್ಷೇಪಣೆ) ಒತ್ತಲು ಹಿಂಜರಿಯಬೇಡಿ.