ಬಿಟ್ಟು ಹೋಗುವವರ ಷೇರು

ಸಹಕಾರ ಸಂಘ ಕಟ್ಟುತ್ತೇವೆ ಅಂತ ಬರುವ ಹುಡುಗ ಹುಡುಗಿಯರಿಗೆ ನಾನು ಕೇಳುವ ಮೊದಲ ಪ್ರಶ್ನೆ ಯಾರಿಗೂ ಇಷ್ಟವಾಗುವುದಿಲ್ಲ: ‘ನಿಮ್ಮಲ್ಲಿ ಮೊದಲು ಬಿಟ್ಟು ಹೋಗುವವರು ಯಾರು?’

ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರೂ ಹೋಗಲ್ಲ ಅನ್ನುತ್ತಾರೆ. ಆದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಓದು, ಕೆಲಸ, ಮದುವೆ ಅಂತ ಯಾರಾದರೂ ಹೊರಡುವವರೇ ಅಲ್ವಾ?

ಹಿಂದೆ ಒಂಬತ್ತು ಜನ ಸೇರಿ ಒಂದು ಮುದ್ರಣ ಯಂತ್ರ ಕೊಂಡಿದ್ದರು. ಎರಡನೇ ವರ್ಷ ಒಬ್ಬಳಿಗೆ ದೂರದಲ್ಲಿ ಕೆಲಸ ಸಿಕ್ಕಿತು. ಷೇರು ಹಣ ವಾಪಸ್ ಕೇಳಿದಳು. ಹಣವೆಲ್ಲ ಯಂತ್ರವಾಗಿ ಕೂತಿತ್ತು. ಖಜಾಂಚಿ ನಡಾವಳಿ ಪುಸ್ತಕ ತಿರುವಿ ಹಾಕಿದ. ಬೋರ್ಡಿನ ಬಣ್ಣದ ಚರ್ಚೆಗೆ ಅರ್ಧ ಪುಟವಿತ್ತು, ಷೇರು ಹಿಂತಿರುಗಿಸುವ ಬಗ್ಗೆ ಒಂದು ಸಾಲೂ ಇರಲಿಲ್ಲ. ತಪ್ಪು ನನ್ನದೂ ಹೌದು. ಮಾದರಿ ಬೈಲಾ, ಅಂದರೆ ಸಂಘದ ನಿಯಮಗಳ ಸಿದ್ಧ ಪ್ರತಿ, ಕೈಗಿಟ್ಟು ‘ಸಹಿ ಹಾಕಿ’ ಅಂದಿದ್ದು ನಾನೇ.

ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ಮೊದಲನೆಯದು ಮುಕ್ತ ಸದಸ್ಯತ್ವ. ಒಳಬರುವ ಬಾಗಿಲನ್ನು ಎಲ್ಲರೂ ನೋಡುತ್ತಾರೆ, ಹೊರಹೋಗುವುದನ್ನು ಮರೆಯುತ್ತಾರೆ. ಮೂರನೆಯ ತತ್ವದ ಪ್ರಕಾರ ಬಂಡವಾಳದ ಒಂದು ಭಾಗವಾದರೂ ಸಾಮಾನ್ಯವಾಗಿ ಎಲ್ಲರ ಒಟ್ಟು ಆಸ್ತಿ. ಹಾಗಾಗಿ ಹೋಗುವವರಿಗೆ ಅವರು ಕಟ್ಟಿದ ಷೇರು ಕೊಡಬಹುದು. ಮೀಸಲು ನಿಧಿಯಲ್ಲಿ, ಅಂದರೆ ಲಾಭದಿಂದ ಸಂಘಕ್ಕೆಂದೇ ಎತ್ತಿಟ್ಟ ಹಣದಲ್ಲಿ, ಪಾಲು ಕೇಳಿದರೆ ಮಾತ್ರ ನಾನು ಒಪ್ಪುವುದಿಲ್ಲ. ಅದು ಮುಂದೆ ಬರುವವರಿಗೂ ಸೇರಿದ್ದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ಸಹಕಾರಿ ಅಂಗಡಿ ತೆರೆದ 28 ಜನರ ಕೈಯಲ್ಲಿದ್ದದ್ದು ಬರೀ 28 ಪೌಂಡ್. ಅಷ್ಟು ಸಣ್ಣ ಗಂಟಿನಿಂದ ನಾಲ್ಕು ಜನ ಒಟ್ಟಿಗೆ ಪಾಲು ಎತ್ತಿಕೊಂಡರೆ ಅಂಗಡಿ ಉಳಿಯುತ್ತದಾ?

ಈಗ ನೋಂದಣಿಗೆ ಮುಂಚೆಯೇ ಬರೆಸುತ್ತೇನೆ: ಎಷ್ಟು ತಿಂಗಳ ಮುಂಚೆ ಹೇಳಬೇಕು, ಹಣ ಎಷ್ಟು ಕಂತು, ಒಂದೇ ವರ್ಷ ಎಷ್ಟು ಜನರಿಗೆ ಕೊಡಬಹುದು, ನಷ್ಟವಿದ್ದರೆ ಎಷ್ಟು ಕಳೆಯಬೇಕು. ಕಾನೂನಿನ ಮಿತಿ ಒಂದೊಂದು ಕಡೆ ಒಂದೊಂದು ಥರ, ಅದನ್ನು ವಕೀಲರ ಹತ್ತಿರ ನೋಡಿಸಿಕೊಳ್ಳಿ.

ಹಣಕ್ಕಿಂತ ಜಾಸ್ತಿ ಕಾಡುವುದು ತಲೆಯಲ್ಲಿರುವ ವಿದ್ಯೆ. ಆ ಹುಡುಗಿ ಹೋಗುವಾಗ ನಾಲ್ಕು ಕಂತಿಗೆ ಒಪ್ಪಿದಳು. ಬ್ಯಾಗು ಹೆಗಲಿಗೇರಿಸಿ ಬಾಗಿಲ ತನಕ ಹೋದವಳು ವಾಪಸ್ ಬಂದು, ಒಂದು ಚೀಟಿ ಮೇಜಿನ ಮೇಲಿಟ್ಟಳು. ಅದರಲ್ಲಿ ಗಿರಾಕಿಗಳ ಲೆಕ್ಕದ ಪಾಸ್‌ವರ್ಡ್ ಇತ್ತು. ಅಲ್ಲಿವರೆಗೆ ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ.