ಮೊದಲು ಹೊಳೆದ ಉತ್ತರಕ್ಕೂ ದೇವರಿಗೂ ಏನು ನಂಟು?

ಒಂದು ಕತ್ತಿ, ಅದನ್ನು ಮಸೆಯಲು ಒಂದು ಅರ. ಎರಡೂ ಸೇರಿ 1,100 ರೂಪಾಯಿ. ಕತ್ತಿಯ ಬೆಲೆ ಅರಕ್ಕಿಂತ 1,000 ರೂಪಾಯಿ ಹೆಚ್ಚು. ಹಾಗಾದರೆ ಅರಕ್ಕೆಷ್ಟು?

ನೂರು ಎಂದು ಕೇಳಿದ ಕೂಡಲೇ ಹೊಳೆಯುತ್ತದೆ. ಅದು ತಪ್ಪು. ಅರ ನೂರಾದರೆ ಕತ್ತಿ ಸಾವಿರ, ವ್ಯತ್ಯಾಸ ಒಂಬೈನೂರು ಮಾತ್ರ. ಅರಕ್ಕೆ 50, ಕತ್ತಿಗೆ 1,050 ಎಂದರೆ ಲೆಕ್ಕ ಕೂಡುತ್ತದೆ. ಅಮೆರಿಕದ ಸಂಶೋಧಕ ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಮೊದಲನೆಯದು ಇದೇ. ಅಲ್ಲಿದ್ದದ್ದು ಬ್ಯಾಟು ಮತ್ತು ಚೆಂಡು. ಇನ್ನೊಂದನ್ನು ತೋಟದ ಕೆರೆಗೆ ಹೊಂದಿಸಿ ಹೀಗೆ ಕೇಳಬಹುದು: ನೀರಿನ ಮೇಲೆ ಹಬ್ಬುವ ಅಂತರಗಂಗೆ ಕಳೆ ದಿನಕ್ಕೆ ಎರಡರಷ್ಟಾಗುತ್ತದೆ, ಕೆರೆ ಪೂರ್ತಿ ಮುಚ್ಚಲು 48 ದಿನ ಬೇಕು, ಅರ್ಧ ಕೆರೆ ಮುಚ್ಚಿದ್ದು ಎಷ್ಟನೇ ದಿನ? 24 ಅಲ್ಲ, 47. ಫ್ರೆಡರಿಕ್ ಪರೀಕ್ಷಿಸಿದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಮೂರಕ್ಕೂ ಸರಿ ಉತ್ತರ ಕೊಟ್ಟವರು ಶೇ 17, ಒಂದಕ್ಕೂ ಕೊಡದವರು ಶೇ 33. ಇವರಲ್ಲಿ ಬಹುಪಾಲು ಅಮೆರಿಕದ ಕಾಲೇಜು ವಿದ್ಯಾರ್ಥಿಗಳು.

ಇಲ್ಲಿ ಬೇಕಾದ ಗಣಿತ ಪ್ರಾಥಮಿಕ ಶಾಲೆಯದು. ಕಷ್ಟವಿರುವುದು ಹೊಳೆದ ಉತ್ತರವನ್ನು ಒಂದು ಗಳಿಗೆ ತಡೆದು ನಿಲ್ಲಿಸುವುದರಲ್ಲಿ. 'ಅರಕ್ಕಿಂತ 1,000 ಹೆಚ್ಚು' ಎಂಬುದನ್ನು ಮನಸ್ಸು ನಮಗೆ ತಿಳಿಸದೆಯೇ 'ಕತ್ತಿಗೆ 1,000' ಎಂದು ಸುಲಭ ಮಾಡಿಕೊಂಡಿರುತ್ತದೆ. ಅದನ್ನು ಹಿಡಿಯಬೇಕಾದರೆ ಉತ್ತರವನ್ನು ಪ್ರಶ್ನೆಗೆ ಮರಳಿ ಹಾಕಿ ನೋಡಬೇಕು. ತೂಕ ಹಾಕಿದ ಕರಿಮೆಣಸಿನಿಂದ ಚೀಲದ ತೂಕ ಕಳೆಯುವಷ್ಟೇ ಕೆಲಸ, ಆದರೆ ಕಳೆಯಬೇಕೆಂದು ನೆನಪಾಗಬೇಕು. ಇನ್ನೊಂದು ಹೋಲಿಕೆ ಇದಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ರಾತ್ರಿ ಬೈನೆ ಮರದ ಕಡೆ ಸೊಪ್ಪು ಸರಸರ ಎಂದರೆ ತೋಟದ ಕಾರ್ಮಿಕರ ಲೈನ್‌ಮನೆಯ ನಾಯಿ ಮೊದಲು ಬೊಗಳುತ್ತದೆ, ಟಾರ್ಚ್ ಹಿಡಿದವರು ಬರುವುದು ಆಮೇಲೆ. ನಾಯಿ ಅಂತಃಪ್ರೇರಣೆ, ಟಾರ್ಚು ವಿಶ್ಲೇಷಣೆ. ಬರೀ ಗಾಳಿಗೆ ಹತ್ತು ಸಲ ಬೊಗಳಿದರೆ ಹೋಗುವುದು ನಿದ್ದೆ. ಆನೆ ಬಂದಾಗ ಒಮ್ಮೆ ಸುಮ್ಮನಿದ್ದರೆ ಹೋಗುವುದು ಜೀವ. ಅಲುಗಾಟದ ಹಿಂದೆ 'ಯಾರೋ' ಇದ್ದಾರೆ ಎಂದು ಊಹಿಸುವ ಕಡೆಗೇ ಮಿದುಳು ವಾಲಿರುವುದು ಇದರಿಂದಲೇ, ಕಾಣದ ಶಕ್ತಿಗಳ ನಂಬಿಕೆ ಅಲ್ಲಿ ಬೇರು ಬಿಟ್ಟಿತು ಎಂಬುದು ಮನೋವಿಜ್ಞಾನಿ ಜಸ್ಟಿನ್ ಬ್ಯಾರೆಟ್ ಮೊದಲಾದವರ ವಾದ.

ಹಾಗಾದರೆ ಟಾರ್ಚು ಚುರುಕಾಗಿರುವವರಲ್ಲಿ ದೈವನಂಬಿಕೆ ಕಡಿಮೆ ಇರಬೇಕಲ್ಲವೇ? 2012ರಲ್ಲಿ ಹಾರ್ವರ್ಡ್‌ನ ಶೆನ್‌ಹಾವ್, ರ‍್ಯಾಂಡ್, ಗ್ರೀನ್ ಅಂಥದ್ದೇ ನಂಟನ್ನು ತೋರಿಸಿದರು. ಅದೇ ವರ್ಷ ಮನೋವಿಜ್ಞಾನಿಗಳಾದ ಜರ್ವೇಸ್ ಮತ್ತು ನೊರೆನ್‌ಜಾಯನ್ ಇನ್ನೂ ಮುಂದೆ ಹೋದರು. ಕೆಲವರಿಗೆ ರೊಡಾನ್‌ನ 'ಚಿಂತಕ' ಶಿಲ್ಪದ ಚಿತ್ರ, ಉಳಿದವರಿಗೆ ಚಕ್ರ ಎಸೆಯುವವನ ಶಿಲ್ಪದ ಚಿತ್ರ ತೋರಿಸಿ, ದೇವರ ಮೇಲಿನ ನಂಬಿಕೆಗೆ 0ಯಿಂದ 100ರೊಳಗೆ ಅಂಕ ಕೊಡಿ ಎಂದರು. ಚಿಂತಕನನ್ನು ನೋಡಿದವರ ಅಂಕ ಸುಮಾರು 20ರಷ್ಟು ಕಡಿಮೆ ಬಂತು. 'ಯೋಚಿಸಿದರೆ ದೇವರು ಮಾಯ' ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿತು, ಇಂದಿಗೂ ಹಬ್ಬುತ್ತಿದೆ.

ಆ ಪ್ರಯೋಗದಲ್ಲಿ ಇದ್ದವರು 57 ಜನ. ಒಂದು ತೋಟದ ಮಳೆಮಾಪಕದಲ್ಲಿ ಒಂದು ಸಂಜೆ 2 ಇಂಚು 40 ಸೆಂಟು (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು) ಬಿದ್ದದ್ದನ್ನು ನೋಡಿ ಕೊಡಗಿನ ಭಾಗಮಂಡಲದಿಂದ ಕುಶಾಲನಗರದವರೆಗಿನ ವರ್ಷದ ಮಳೆ ಹೇಳಿದ ಹಾಗೆ. ಸಣ್ಣ ಗುಂಪಿನಲ್ಲಿ ನಾಲ್ಕೈದು ಕಟ್ಟಾ ಆಸ್ತಿಕರು ಒಂದೇ ಕಡೆ ಸೇರಿದರೂ ಸರಾಸರಿ ವಾಲಿಬಿಡುತ್ತದೆ. 2017ರಲ್ಲಿ ಬೇರೆ ತಂಡವೊಂದು 941 ಜನರ ಮೇಲೆ ಅದೇ ಪ್ರಯೋಗ ಮಾಡಿದಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ. ತಮ್ಮ ಪ್ರಯೋಗ ನಿಲ್ಲುವುದಿಲ್ಲವೆಂದು ಜರ್ವೇಸ್ ಒಪ್ಪಿಕೊಂಡರು, ಅಷ್ಟಕ್ಕೇ ಬಿಡದೆ ಬೇರೆ ದಾರಿ ಹಿಡಿದು ಹುಡುಕಿದರು. ವಿಜ್ಞಾನದಲ್ಲಿ ಗೌರವಿಸಬೇಕಾದದ್ದು ಇಂಥ ನಡೆಯನ್ನು.

ಆದರೂ ಆ ನಂಟು ಪೂರ್ತಿ ಸುಳ್ಳಲ್ಲ ಎಂಬುದೂ ನಿಜ. ಗಾರ್ಡನ್ ಪೆನ್ನಿಕುಕ್ ತಂಡ 2016ರಲ್ಲಿ ಹದಿನೈದು ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ವಿಶ್ಲೇಷಣೆಗೂ ದೈವನಂಬಿಕೆಗೂ ನಡುವೆ ಸಿಕ್ಕ ಸಹಸಂಬಂಧ –0.18. ನಂಟೇ ಇಲ್ಲದಿದ್ದರೆ ಇದು 0, ಒಂದು ಏರಿದಂತೆ ಇನ್ನೊಂದು ತಪ್ಪದೆ ಇಳಿದರೆ –1. ಈ ಅಂಕಿಯನ್ನು ಬಿಡಿಸಿ ನೋಡದೆ ಮಾತಾಡುವವರೇ ಹೆಚ್ಚು. ಇದರ ವರ್ಗ 0.03 ಚಿಲ್ಲರೆ. ಅಂದರೆ ನಂಬಿಕೆಯಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ವಿಶ್ಲೇಷಣೆಯೊಂದಿಗೆ ಹೊಂದುತ್ತದೆ. ಮಡಿಕೇರಿ ಸಂತೆಯಲ್ಲಿ ಕಣ್ಣುಮುಚ್ಚಿ ಇಬ್ಬರನ್ನು ಆರಿಸಿ, ಕತ್ತಿ ಅರದ ಲೆಕ್ಕದಲ್ಲಿ ಹುಷಾರಾದವರೇ ಕಡಿಮೆ ದೈವಭಕ್ತರು ಎಂದು ಪಂಥ ಕಟ್ಟಿದಿರಿ ಎನ್ನಿ. ಇಲ್ಲಿಯೂ ಇದೇ ಸಹಸಂಬಂಧವಿದ್ದರೂ ನೂರು ಪಂಥದಲ್ಲಿ ಗೆಲ್ಲುವುದು ಸುಮಾರು 56. ನಾಣ್ಯ ಚಿಮ್ಮಿದರೆ 50 ಹೇಗೂ ಸಿಗುತ್ತಿತ್ತು. ಭಾರತವೂ ಸೇರಿದಂತೆ 13 ದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಂಟು ಇನ್ನೂ ಸಡಿಲವಾಗಿತ್ತು, ದೇಶದಿಂದ ದೇಶಕ್ಕೆ ಬದಲಾಗುತ್ತಿತ್ತು.

ನಮ್ಮ ದೇಶದ ಚರಿತ್ರೆ ಬಲ್ಲವರಿಗೆ ಇದು ಅಚ್ಚರಿಯಲ್ಲ. ಹತ್ತನೇ ಶತಮಾನದ ಉದಯನಾಚಾರ್ಯ ಈಶ್ವರನಿದ್ದಾನೆ ಎಂದು ಸಾಧಿಸಲು ಹಿಡಿದದ್ದು ತರ್ಕವನ್ನೇ, ಅದೂ ಎಳೆ ಎಳೆ ಬಿಡಿಸುವ ನ್ಯಾಯಶಾಸ್ತ್ರದ ತರ್ಕವನ್ನು. ದೇವರನ್ನು ಒಪ್ಪದ ಚಾರ್ವಾಕರು ಅನುಮಾನ ಪ್ರಮಾಣವನ್ನೇ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದನ್ನೇ, ಶಂಕಿಸಿ ಪ್ರತ್ಯಕ್ಷಕ್ಕೆ ಅಂಟಿಕೊಂಡರು. ವೇದವನ್ನು ಎತ್ತಿಹಿಡಿದ ಕುಮಾರಿಲ ಭಟ್ಟ ಸೃಷ್ಟಿಕರ್ತ ಬೇಕಿಲ್ಲ ಎಂದು ವಾದಿಸಿದ. ತರ್ಕ ಯಾವ ಪಕ್ಷಕ್ಕೂ ಒತ್ತೆಯಾಗಿರಲಿಲ್ಲ.

ತಲಕಾವೇರಿಯನ್ನೇ ನೋಡಿ. ತೀರ್ಥೋದ್ಭವದ ಮುಹೂರ್ತ ಒಂದು ವರ್ಷ ನಡುರಾತ್ರಿ, ಇನ್ನೊಂದು ವರ್ಷ ನಸುಕು, ಮತ್ತೊಂದು ವರ್ಷ ಹಗಲು. ಸೂರ್ಯ ತುಲಾ ರಾಶಿಗೆ ಮರಳಿ ಬರಲು 365 ದಿನಗಳ ಮೇಲೆ ಸುಮಾರು 6 ಗಂಟೆ 10 ನಿಮಿಷ ಹಿಡಿಯುವುದರಿಂದ ಮುಹೂರ್ತ ಪ್ರತಿವರ್ಷ ಅಷ್ಟು ಮುಂದಕ್ಕೆ ಸರಿಯುತ್ತದೆ, ಅಧಿಕ ವರ್ಷದ ಹೆಚ್ಚುವರಿ ದಿನ ಅದನ್ನು ಹಿಂದಕ್ಕೆಳೆಯುತ್ತದೆ. ಕುಂಡಿಕೆಯ ಮುಂದೆ ಕೈಮುಗಿದು ನಿಲ್ಲುವುದು ಭಕ್ತಿ. ಯಾವ ನಿಮಿಷಕ್ಕೆ ನಿಲ್ಲಬೇಕೆಂದು ಹೇಳುವುದು ಅಪ್ಪಟ ಗಣಿತ.

ಟಾರ್ಚು ನಿಜಕ್ಕೂ ಬೇಕಾದ ಜಾಗ ಬೇರೆ ಇದೆ. 'ಮರಗಳು ಆಮ್ಲಜನಕ ಕೊಡುವುದು ಪ್ರಾಣಿಗಳು ಉಸಿರಾಡಲೆಂದು' ಎಂಬಂಥ ವಾಕ್ಯಗಳನ್ನು ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಭೌತ, ರಸಾಯನ ಮತ್ತು ಭೂವಿಜ್ಞಾನಿಗಳಿಗೆ ಡೆಬೊರಾ ಕೆಲಮನ್ ತಂಡ ಕೊಟ್ಟು, ಸರಿಯೋ ತಪ್ಪೋ ಹೇಳಿ ಎಂದಿತು. ಮೂರೇ ಸೆಕೆಂಡಿನಷ್ಟು ಸಮಯ ಸಿಕ್ಕವರು, ಸಾವಕಾಶವಾಗಿ ಓದಿದವರಿಗಿಂತ ಹೆಚ್ಚು ಸಲ 'ಸರಿ' ಎಂದರು. ಉದ್ದೇಶ ಕಾಣುವ ಈ ಚಟ ತಜ್ಞರನ್ನೂ ಬಿಟ್ಟಿಲ್ಲ. ಕಾಫಿ ಅರಳಲೆಂದು ಹೂಮಳೆ ಬರುವುದಿಲ್ಲ. ಒಣಹವೆಯಲ್ಲಿ ಸುಪ್ತವಾಗಿದ್ದ ಮೊಗ್ಗು ಇಂಚಿನಷ್ಟು ಮಳೆಗೆ ಎಚ್ಚೆತ್ತು ವಾರ ಹತ್ತು ದಿನದಲ್ಲಿ ಅರಳುತ್ತದೆ. ಆ ತಪ್ಪಿನಿಂದ ನಷ್ಟವಿಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ದೇವರ ಕೋಪ ಎಂದಷ್ಟೇ ಹೇಳಿ ಸುಮ್ಮನಾದರೆ, ಇಳಿಜಾರನ್ನು ಎಲ್ಲಿ ಕಡಿದರು, ನೀರು ಹರಿಯುವ ದಾರಿಯನ್ನು ಯಾರು ಮುಚ್ಚಿದರು, ಎಷ್ಟು ದಿನದಲ್ಲಿ ಎಷ್ಟು ಇಂಚು ಬಿತ್ತು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಈ ಪ್ರಶ್ನೆ ಕೇಳಲು ನಾಸ್ತಿಕರಾಗಬೇಕಿಲ್ಲ.

ಹಾಗಾದರೆ ಯಾರು ನಂಬುತ್ತಾರೆ, ಯಾರು ನಂಬುವುದಿಲ್ಲ ಎಂಬುದನ್ನು ಚೆನ್ನಾಗಿ ಮುನ್ಸೂಚಿಸುವುದು ಯಾವುದು? ಜರ್ವೇಸ್ ತಂಡ ಅಮೆರಿಕದಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಒಂದು ಸಾದಾ ಸಂಗತಿ: ಬೆಳೆಯುವಾಗ ಸುತ್ತಲಿನ ಹಿರಿಯರು ನಂಬಿಕೆಗಾಗಿ ಏನನ್ನಾದರೂ ಬಿಟ್ಟುಕೊಟ್ಟದ್ದನ್ನು ಕಂಡಿದ್ದಿರಾ? ಬರೀ ಮಾತಲ್ಲ, ಬೆಲೆ ತೆತ್ತ ನಡೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲೇ ಈ ಸೂತ್ರವನ್ನು ಮಂಡಿಸಿದ್ದರು. ಕೊಡಗಿನಲ್ಲಿ ಇದಕ್ಕೆ ಉದಾಹರಣೆ ಹುಡುಕಿ ಹೋಗಬೇಕಾಗಿಲ್ಲ. ಊರ ಹಬ್ಬಕ್ಕೆ ಕಟ್ಟು, ಅಂದರೆ ವ್ರತದ ಕಟ್ಟುಪಾಡು, ಬಿದ್ದರೆ, ಪಂದಿಕರಿ (ಹಂದಿಮಾಂಸದ ಅಡುಗೆ) ಇಲ್ಲದೆ ಔತಣವೇ ಇಲ್ಲವೆನ್ನುವ ಮನೆಗಳಲ್ಲೂ ಅದು ಮುಗಿಯುವ ತನಕ ಮಾಂಸ ಬೇಯುವುದಿಲ್ಲ. ದೇವರಕಾಡಿನಲ್ಲಿ ಬಿದ್ದ ಒಣ ಕೊಂಬೆಯನ್ನು, ಮನೆಯಲ್ಲಿ ಸೌದೆ ಮುಗಿದಿದ್ದರೂ, ಅಜ್ಜ ಸುತ್ತುಹಾಕಿ ದಾಟುತ್ತಾನೆ. ಹಿಂದೆ ಬರುತ್ತಿರುವ ಮೊಮ್ಮಗು ಅದನ್ನು ನೋಡುತ್ತಿರುತ್ತದೆ.