ಮರದ ಬಾತುಕೋಳಿಗೆ ತೇಗ ಆಗ್ತದಾ?

ಪ್ರಶ್ನೆ: ಮರದಲ್ಲಿ ಬಾತುಕೋಳಿ ಕೆತ್ತುವುದು ಕಲಿಯಬೇಕು ಅಂತ ಆಸೆ. ಈವರೆಗೆ ಉಳಿ ಹಿಡಿದವನಲ್ಲ. ಮನೆ ಕಟ್ಟಿದಾಗ ಉಳಿದ ಒಳ್ಳೆ ತೇಗದ ತುಂಡು ಉಂಟು. ಅದರಲ್ಲೇ ಶುರು ಮಾಡಬಹುದಾ?

ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಬಡಿಯಡ್ಕದಿಂದ ಬಂದಿದೆ, ಪೆರ್ಲದಿಂದ ಬಂದಿದೆ, ಮಂಜೇಶ್ವರದಿಂದ ಎರಡು ಸಲ ಬಂದಿದೆ. ಕೆಲವರಲ್ಲಿ ತೇಗದ ಬದಲು ಹಲಸು ಇರುತ್ತದೆ, ಸ್ವಲ್ಪ ಅನುಕೂಲಸ್ಥರಲ್ಲಿ ಬೀಟೆ. ಬೇಡ ಅಂದ ಕೂಡಲೇ ಎಲ್ಲರದ್ದೂ ಒಂದೇ ಮಾತು: "ತೇಗ ಒಳ್ಳೆ ಮರ ಅಲ್ವಾ ಮಾರಾಯ್ರೆ?"

ಒಳ್ಳೆ ಮರವೇ. ಯಾವುದಕ್ಕೆ ಒಳ್ಳೆದು? ದಾರಂದಕ್ಕೆ, ಬಾಗಿಲಿಗೆ, ಪಕ್ಕಾಸಿಗೆ. ನಾಲ್ಕು ತಿಂಗಳ ಮಳೆ ತಡೆಯಬೇಕು, ಗೆದ್ದಲು ಮುಟ್ಟಬಾರದು, ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು. ನಮ್ಮಲ್ಲಿ ಮರದ ಯೋಗ್ಯತೆ ಅಳೆಯುವುದೇ ಮನೆ ಕಟ್ಟುವ ಲೆಕ್ಕದಲ್ಲಿ. ಬಾತುಕೋಳಿ ಕಪಾಟಿನ ಮೇಲೆ ಕೂರುತ್ತದೆ. ಅದಕ್ಕೆ ಯಾವ ಮಳೆ?

ಈಗ ತೇಗದ ಒಳಗೆ ಏನಿದೆ ನೋಡಿ. ಅದರಲ್ಲಿ ಸಿಲಿಕ ಇದೆ, ಅಂದರೆ ಮರಳಿನಲ್ಲಿ ಇರುವುದೇ. ಸಾಣೆ ಹಿಡಿದ ಚೂರಿಯ ಮೊನೆ ಬೇಗ ಸಾಯುತ್ತದೆ. ಮೊನೆ ಸತ್ತರೆ ನೀವು ಜಾಸ್ತಿ ಒತ್ತುತ್ತೀರಿ, ಜಾಸ್ತಿ ಒತ್ತಿದರೆ ಚೂರಿ ಜಾರುತ್ತದೆ, ಜಾರಿದರೆ ಎಡಗೈ ಹೆಬ್ಬೆರಳು ಅಲ್ಲೇ ಕಾದಿರುತ್ತದೆ. ಇನ್ನು ತೇಗದ ವರ್ಷದ ಉಂಗುರಗಳು. ಒಂದು ಪಟ್ಟಿ ಮೆದು, ಪಕ್ಕದ್ದು ಗಟ್ಟಿ. ಮೆದುವಿನಲ್ಲಿ ಚೂರಿ ಸರ್ರನೆ ಹೋಗಿ ಗಟ್ಟಿಯಲ್ಲಿ ತಡೆಯುತ್ತದೆ. ಕೆತ್ತಿ ಕೆತ್ತಿ ಕೈ ಪಳಗಿದವನಿಗೆ ಆ ತಡೆ ಮೊದಲೇ ಗೊತ್ತಾಗುತ್ತದೆ. ನಿಮಗೆ ಗೊತ್ತಾಗುವುದಿಲ್ಲ. ಗೆದ್ದಲನ್ನು ದೂರ ಇಡುವ ಆ ಎಣ್ಣೆ ಅಂಶವೂ ಇಲ್ಲಿ ಉಪದ್ರವೇ. ಅಂಟು ಸರಿ ಕೂರುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಅಷ್ಟಕ್ಕೂ ಬಾತುಕೋಳಿಗೆ ಕೊನೆಗೆ ಬಣ್ಣ ಬಳಿಯುವುದೇ ಅಲ್ವಾ? ತೇಗದ ಚಂದ ಯಾರು ನೋಡುತ್ತಾರೆ?

ಹಲಸಿನ ಕಥೆ ನನ್ನದೇ. ನನ್ನ ಮೊದಲ ಬಾತು ಹಲಸಿನದ್ದು. ಅದರ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಇಲ್ಲಿ ಬೆಣ್ಣೆ ಹಾಗೆ ಬರುತ್ತದೆ, ಎರಡು ಇಂಚು ಆಚೆ ಚಕ್ಕೆ ಕಿತ್ತು ಬರುತ್ತದೆ. ಮೂರು ತಿಂಗಳು ಗುದ್ದಾಡಿದೆ. ಕೊನೆಗೆ ಕುತ್ತಿಗೆ ಮುರಿಯಿತು.

"ಹಾಗಾದರೆ ದೈವದ ಮೂರ್ತಿಗಳು ಹಲಸಿನದ್ದೇ ಅಲ್ವಾ?" ಈ ಸವಾಲೂ ಬರುತ್ತದೆ ಅಂತ ಗೊತ್ತು. ಹೌದು. ಅದನ್ನು ಮಾಡುವವರು ಆಚಾರಿಗಳು. ಮರವನ್ನು ಅಲುಗದಂತೆ ನಿಲ್ಲಿಸಿ, ಉಳಿ ಇಟ್ಟು, ಕೊಡತಿಯಲ್ಲಿ ಹೊಡೆದು ಕೆತ್ತುತ್ತಾರೆ. ನೀವು ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಚೂರಿ ಹಿಡಿದು ಜಗಲಿಯಲ್ಲಿ ಕೂತವರು. ಹೋಲಿಸುವುದಾದರೆ ಯಕ್ಷಗಾನದ ಕಿರೀಟ, ಭುಜಕೀರ್ತಿಗೆ ಹೋಲಿಸಿ. ಅವು ಹಗುರ ಮರದವು. ಮೇಲೆ ಚಿನ್ನದ ಬಣ್ಣದ ಕಾಗದ, ಕನ್ನಡಿ ಚೂರು. ರಾತ್ರಿಯಿಡೀ ಕುಣಿಯುವವನ ತಲೆಗೆ ತೇಗ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ರಾವಣನ ಕುತ್ತಿಗೆ ಹೋಗಿರುತ್ತದೆ.

ಈ ಕೆಲಸ ಹುಟ್ಟಿದ ಕಡೆಯೂ ಹಾಗೆಯೇ. ಅಮೆರಿಕದ ಬೇಟೆಗಾರರು ನಿಜವಾದ ಬಾತುಗಳನ್ನು ನೀರಿಗೆ ಇಳಿಸಲು ಇಂತಹ ಸುಳ್ಳು ಬಾತು ತೇಲಿಬಿಡುತ್ತಿದ್ದರು. ಅಲ್ಲಿಯ ಮೂಲನಿವಾಸಿಗಳು ಜೊಂಡಿನಲ್ಲಿ ಮಾಡಿದ್ದು 1924ರಲ್ಲಿ ನೆವಾಡದ ಲವ್‌ಲಾಕ್ ಗುಹೆಯಲ್ಲಿ ಸಿಕ್ಕಿದೆ, ಸುಮಾರು 2000 ವರ್ಷ ಹಳೆಯದು. ಮುಂದೆ ಮರ ಬಂತು: ಬಿಳಿ ಸೀಡರ್, ಪೈನ್, ಬಾಸ್‌ವುಡ್, ಟ್ಯುಪೆಲೊ. ಎಲ್ಲ ಹಗುರ. ಗಟ್ಟಿ ಓಕ್ ಅವರ ಕಾಡಲ್ಲಿ ಇರಲಿಲ್ಲವಾ? ಬೇಕಾದಷ್ಟು ಇತ್ತು.

ಹಾಗಾದರೆ ಯಾವ ಮರ? ಹಾಲೆ. ತುಳುವಿನ ಪಾಲೆ, ಮಲಯಾಳದ ಏಳಿಲಂಪಾಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮೂಗು ಮುಚ್ಚಿ ಕಷಾಯ ಕುಡಿಯುತ್ತೇವಲ್ಲ, ಅದರ ಕೆತ್ತೆ, ಅಂದರೆ ತೊಗಟೆ, ಕೊಡುವ ಮರ. ಹಿಂದೆ ಮಕ್ಕಳು ಬರೆಯುವ ಹಲಗೆಗೆ ಇದೇ ಹೋಗುತ್ತಿತ್ತು. ಅದಕ್ಕೇ ಸಸ್ಯಶಾಸ್ತ್ರದ ಹೆಸರಿನಲ್ಲಿ 'ಸ್ಕೊಲಾರಿಸ್', ಅಂದರೆ ಶಾಲೆಗೆ ಸೇರಿದ್ದು, ಅಂತ ಇದೆ. ಒಂದು ಘನ ಮೀಟರ್ ಒಣ ತೇಗ ಸುಮಾರು 650 ಕಿಲೋ ತೂಗಿದರೆ ಹಾಲೆ 400ರ ಆಸುಪಾಸು. ಎಳೆ ನೇರ, ಚೂರಿಗೆ ಮಾತು ಕೇಳುತ್ತದೆ. ಚನ್ನಪಟ್ಟಣದ ಬೊಂಬೆಯ ಹಾಲೆ ಬೇರೆ ಮರ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಪಾಲೆಯಲ್ಲಿ ಯಕ್ಷಿ ಇರ್ತಾಳೆ, ಕಡಿಯಬಾರದು ಅಂತ ಮನೆಯ ಅಜ್ಜಿ ಹೇಳಿದರೆ ವಾದ ಬೇಡ. ಗಾಳಿಗೆ ಮುರಿದ ಗೆಲ್ಲು ಸಾಕು.

ಹಾಲೆ ಸಿಗದಿದ್ದರೆ ಶಿವನೆ, ಅಂದರೆ ಕುಮಿಳ್. ಬೂರುಗ ತೀರಾ ಮೆದು, ಕೆತ್ತುವ ಬದಲು ಜಜ್ಜಿ ಹೋಗುತ್ತದೆ. ಕಡಿದ ರಬ್ಬರ್ ಮರ ರಾಶಿ ಬಿದ್ದಿದೆ ಅನ್ನುವವರಿಗೆ: ಅದು ಅಷ್ಟು ಹಗುರವಲ್ಲ, ಮದ್ದು ಹಾಕದಿದ್ದರೆ ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿಯುತ್ತದೆ. ಕುಟ್ಟೆ ಹಾಲೆಗೂ ಬರುತ್ತದೆ. ಹಾಗಾಗಿ ಹಸಿ ತುಂಡಿನ ಎರಡೂ ತುದಿಗೆ ಮೇಣ ಅಥವಾ ಹಳೆ ಪೇಂಟು ಬಳಿದು, ಒಲೆಯ ಮೇಲಿನ ಅಟ್ಟದಲ್ಲಿ ನಿಧಾನ ಒಣಗಿಸಿ. ಅಡಿಕೆ ಅಂಗಳದ ಬಿಸಿಲಿಗೆ ಹಾಕಿದರೆ ಸಂಜೆಯೊಳಗೆ ಬಿರುಕು.

ಕೆಲಸದ ಕ್ರಮ ಕಷ್ಟವಿಲ್ಲ. ಪಕ್ಕದಿಂದ ಕಾಣುವ ಆಕಾರ ಒಂದು, ಮೇಲಿನಿಂದ ಕಾಣುವ ಆಕಾರ ಒಂದು, ಎರಡನ್ನೂ ತುಂಡಿನ ಮೇಲೆ ಬರೆದು ಮಿಲ್ಲಿನಲ್ಲಿ ಬ್ಯಾಂಡ್ ಸಾ ಹಾಕಿಸಿ. ತುಂಡಿನ ಉದ್ದಕ್ಕೆ ಸರೀ ಮಧ್ಯದಲ್ಲಿ ಎಳೆದ ನಡುಗೆರೆ ಅಳಿಸಲು ಬಿಡಬೇಡಿ, ಅಳಿದರೆ ಆಗಲೇ ಎಳೆಯಿರಿ. ತಲೆ ಬೇರೆ ಮಾಡಿ. ಒಂದೇ ತುಂಡಿನಲ್ಲಿ ಮಾಡಿದರೆ ಎಳೆ ಕುತ್ತಿಗೆಗೆ ಅಡ್ಡ ಬರುತ್ತದೆ, ನನ್ನ ಹಲಸಿನ ಬಾತಿಗೆ ಆದದ್ದು ಅದೇ. ಬೇರೆ ಮಾಡಿದರೆ ಕೊಕ್ಕಿನ ಉದ್ದಕ್ಕೆ ಎಳೆ ಇಟ್ಟುಕೊಳ್ಳಬಹುದು. ಆಮೇಲೆ ಒಂದು ಗೂಟ, ಸ್ವಲ್ಪ ಫೆವಿಕಾಲ್.

ಯಾರೂ ಕೇಳದ ಪ್ರಶ್ನೆ ಒಂದಿದೆ: ಯಾವ ಬಾತು? ಎಲ್ಲರೂ ಮೊಬೈಲಿನಿಂದ ಹಸಿರು ತಲೆಯ ಮಲ್ಲಾರ್ಡ್ ಚಿತ್ರ ತರುತ್ತಾರೆ. ಅದನ್ನು ಇಲ್ಲಿಯ ಕೆರೆಯಲ್ಲಿ ಕಂಡವರು ಯಾರು? ನಮ್ಮ ಸಿಳ್ಳೆ ಬಾತು ಮಾಡಿ. ಗಂಡು ಹೆಣ್ಣು ಒಂದೇ ತರ, ಮೈಯೆಲ್ಲ ಕಂದು, ಬಣ್ಣದ ತಲೆನೋವು ಕಡಿಮೆ. ನಿಜವಾದ ಹಕ್ಕಿ 42 ಸೆಂಟಿಮೀಟರ್ ಇದ್ದೀತು, ನೀವು ಅರ್ಧ ಅಳತೆಗೆ ಮಾಡಿ. ಮೊದಲು ಹೋಗಿ ಅರ್ಧ ದಿನ ಸುಮ್ನೆ ನೋಡಿ. ಕಿದೂರಿನ ಕಡೆ ಹಕ್ಕಿ ನೋಡಲು ಬರುವವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಹೆದರಿದ ಬಾತು ಕುತ್ತಿಗೆ ನೆಟ್ಟಗೆ ಎತ್ತುತ್ತದೆ, ನೆಮ್ಮದಿಯಲ್ಲಿರುವುದು ತಲೆಯನ್ನು ಮೈಗೆ ಒತ್ತಿ ಕೂರುತ್ತದೆ. ಹಳೆಯ ಬೇಟೆಗಾರರು ಕೆತ್ತಿದ್ದು ಹೆಚ್ಚಾಗಿ ನೆಮ್ಮದಿಯದ್ದನ್ನೇ. ಕುತ್ತಿಗೆ ಎತ್ತಿದ್ದನ್ನು ಕಂಡರೆ ಮೇಲಿನ ಹಿಂಡು ಇಳಿಯದು. ಹೊಳೆಯುವ ವಾರ್ನಿಷೂ ಅವರಿಗೆ ಆಗದು, ಹಕ್ಕಿಯ ಗರಿ ಹಾಗೆ ಮಿಂಚುವುದಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಾಡುಬಾತು ಹೊಡೆಯುವ ಮಾತೇ ಇಲ್ಲ. ಆದರೂ ಈ ಎರಡು ಬುದ್ಧಿ ಅವರಿಂದ ಕಲಿಯಬೇಕು.

ಆ ತೇಗದ ತುಂಡನ್ನು ಬಿಸಾಡಬೇಡಿ. ಬಾತು ಮುಗಿದ ಮೇಲೆ ಅದನ್ನು ಕೂರಿಸಲು ಒಂದು ಮಣೆ ಬೇಕಾಗುತ್ತದೆ.